ಸ್ಕ್ಯಾನ್‌ನಲ್ಲಿ ಕಾಣದ್ದನ್ನು ಮನೆಯಲ್ಲಿ ಓದುವುದು ಹೇಗೆ: ಸ್ಕಿಜೋಫ್ರೇನಿಯಾ ಮತ್ತು ಮೆದುಳು

ಸ್ಕಿಜೋಫ್ರೇನಿಯಾ ಎಂದರೆ ಬೇರೆಯವರಿಗೆ ಕೇಳದ ದನಿಗಳು ಕೇಳಿಸುವ, ಸಂಶಯ ಕಾಡುವ, ಏನೂ ಮಾಡಲು ಮನಸ್ಸಾಗದ ಮಾನಸಿಕ ಕಾಯಿಲೆ. ಅದು ಇರುವವರ ಮನೆಯ ಬೀರುವಿನಲ್ಲಿ ಒಂದು ದೊಡ್ಡ ಕವರ್ ಇರುವ ಸಾಧ್ಯತೆ ಜಾಸ್ತಿ. ಒಳಗೆ ಎಂಆರ್‌ಐ ಫಿಲ್ಮು, ಜೊತೆಗೆ ಒಂದು ಹಾಳೆ ರಿಪೋರ್ಟು. ಕೊನೆಯ ಸಾಲಿನಲ್ಲಿ 'ನಾರ್ಮಲ್ ಸ್ಟಡಿ' ಎಂದಿರುತ್ತದೆ. ಗಡ್ಡೆಗಿಡ್ಡೆ ಏನೂ ಇಲ್ಲವಲ್ಲ ಎಂದು ಮನೆಯವರಿಗೆ ಸಮಾಧಾನವಾಗುತ್ತದೆ. ಆಮೇಲೆ, ಮೆದುಳು ಸರಿಯಿದ್ದರೆ ಇವನು ಯಾಕೆ ಹೀಗಾಡುತ್ತಾನೆ ಎಂದು ಸಿಟ್ಟೂ ಬರುತ್ತದೆ. ನಮ್ಮ ಸಂಬಂಧಿಕರೊಬ್ಬರು ನನ್ನ ತಮ್ಮನ ರಿಪೋರ್ಟ್ ಓದಿ, "ಎಲ್ಲಾ ನಾರ್ಮಲ್ ಅಂತ ಬರೆದಿದ್ದಾರಲ್ಲಮ್ಮ, ಇದು ಸೋಮಾರಿತನ ಅಷ್ಟೆ" ಎಂದಿದ್ದರು. ತಮ್ಮ ಪಕ್ಕದ ಕೋಣೆಯಲ್ಲೇ ಇದ್ದ, ಎಲ್ಲವೂ ಕೇಳಿಸಿತ್ತು.

ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುತ್ತೇನೆ. ತಮ್ಮನಿಗೆ ಈ ಕಾಯಿಲೆ ಶುರುವಾಗಿದ್ದು ಡಿಗ್ರಿ ಎರಡನೇ ವರ್ಷದಲ್ಲಿ. ನಮ್ಮ ಹಾಗೆ ಮನೆಯಲ್ಲಿ ನೋಡಿಕೊಳ್ಳುವವರೆಲ್ಲ ಆಗಾಗ ಸೇರುತ್ತೇವೆ. ಅಲ್ಲಿ ಮೆದುಳಿನ ಪಾಠ ನನ್ನ ಪಾಲಿಗೆ ಬಂದಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಮಾತ್ರೆಯ ವಿಷಯ ನಿಮ್ಮ ಡಾಕ್ಟರ್ ಹೇಳಿದ ಹಾಗೇ ಇರಲಿ. ಆದರೆ ಯಾವ ಲಕ್ಷಣಕ್ಕೆ ಮೆದುಳಿನ ಯಾವ ಭಾಗದ ಕೆಲಸ ಏರುಪೇರಾಗಿದೆ ಎಂದು ಗೊತ್ತಾದರೆ, ನಾಳೆ ಬೆಳಿಗ್ಗೆ ನೀವು ಅವರ ಹತ್ತಿರ ಆಡುವ ಮಾತೇ ಬೇರೆ ಆಗುತ್ತದೆ. ಇದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಮೊದಲು ಆ ರಿಪೋರ್ಟು

ಡಾಕ್ಟರ್ ಎಂಆರ್‌ಐ ಬರೆದುಕೊಡುವುದು ಸ್ಕಿಜೋಫ್ರೇನಿಯಾ ಹುಡುಕಲಿಕ್ಕಲ್ಲ. ಗಡ್ಡೆ, ಮೆದುಳಿನ ಸೋಂಕು, ಊತ, ಹಳೆಯ ಪೆಟ್ಟು ಇಂಥವು ಯಾವುದೂ ಇಲ್ಲ ಎಂದು ಖಚಿತ ಮಾಡಿಕೊಳ್ಳಲು. ಹಾಗಾಗಿ 'ನಾರ್ಮಲ್' ಎಂದರೆ 'ಆ ಬೇರೆ ಕಾಯಿಲೆಗಳು ಕಾಣಲಿಲ್ಲ' ಎಂದು ಓದಿಕೊಳ್ಳಿ. 'ಕಾಯಿಲೆಯೇ ಇಲ್ಲ' ಎಂದು ಓದಬೇಡಿ.

ಹಾಗಾದರೆ ಮೆದುಳಿನಲ್ಲಿ ವ್ಯತ್ಯಾಸ ಇದೆಯೋ ಇಲ್ಲವೋ? ಇದೆ. 1976ರಲ್ಲಿ ಇಂಗ್ಲೆಂಡಿನಲ್ಲಿ ಈವ್ ಜಾನ್‌ಸ್ಟೋನ್ ಮತ್ತು ಜೊತೆಗಾರರು ಸಿಟಿ ಸ್ಕ್ಯಾನ್ ಮಾಡಿ ನೋಡಿದರು. ಬಹಳ ಕಾಲದಿಂದ ಈ ಕಾಯಿಲೆ ಇದ್ದವರ ಮೆದುಳಿನ ನಡುವೆ ನೀರು ತುಂಬಿರುವ ಜಾಗಗಳು, ಅಂದರೆ ವೆಂಟ್ರಿಕಲ್‌ಗಳು, ಸರಾಸರಿಯಲ್ಲಿ ದೊಡ್ಡದಾಗಿದ್ದವು. 1990ರಲ್ಲಿ ಅಮೆರಿಕದಲ್ಲಿ ಇನ್ನೂ ಚೆಂದದ ಒಂದು ಅಧ್ಯಯನ ನಡೆಯಿತು. 15 ಜೋಡಿ ತದ್ರೂಪಿ ಅವಳಿಗಳು. ಪ್ರತಿ ಜೋಡಿಯಲ್ಲೂ ಒಬ್ಬರಿಗೆ ಸ್ಕಿಜೋಫ್ರೇನಿಯಾ, ಇನ್ನೊಬ್ಬರಿಗೆ ಇಲ್ಲ. ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಅಳೆದರೆ, 14 ಜೋಡಿಗಳಲ್ಲಿ ಕಾಯಿಲೆ ಇದ್ದವರ ಎಡಬದಿಯದು ಚಿಕ್ಕದಿತ್ತು. ಅದೇ ವಂಶವಾಹಿ ಇರುವ ಒಡಹುಟ್ಟಿದವರ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದ್ದರಿಂದ ಈ ವ್ಯತ್ಯಾಸ ಅಷ್ಟು ಚೆನ್ನಾಗಿ ಕಂಡಿತು. ನನ್ನ ತಮ್ಮನಿಗೆ ಅಂಥ ಅವಳಿ ಇಲ್ಲ. ನಿಮ್ಮ ಮನೆಯವರಿಗೂ ಇರಲಿಕ್ಕಿಲ್ಲ. ಅವರ ಮೆದುಳು ಕಾಯಿಲೆಗೆ ಮೊದಲು ಹೇಗಿತ್ತು ಎಂಬ ಚಿತ್ರವೂ ಯಾರ ಹತ್ತಿರವೂ ಇಲ್ಲ.

2016ರಲ್ಲಿ ಎನಿಗ್ಮಾ ಎಂಬ ಜಾಗತಿಕ ತಂಡ 2,028 ರೋಗಿಗಳ ಮತ್ತು 2,540 ಆರೋಗ್ಯವಂತರ ಎಂಆರ್‌ಐಗಳನ್ನು ಒಟ್ಟಿಗೆ ಅಳೆಯಿತು. ಮೆದುಳಿನ ಒಳಭಾಗಗಳಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಕಂಡಿದ್ದು ಅದೇ ಹಿಪೊಕ್ಯಾಂಪಸ್‌ನಲ್ಲಿ. ಆದರೂ ಅದು ಗುಂಪಿನ ಸರಾಸರಿ. ಕಾಯಿಲೆ ಇರುವ ಎಷ್ಟೋ ಜನರ ಅಳತೆ ಆರೋಗ್ಯವಂತರ ಅಳತೆಯ ನಡುವೆಯೇ ಬರುತ್ತದೆ. ಹಾಗಾಗಿ ಒಬ್ಬರ ಸ್ಕ್ಯಾನ್ ಹಿಡಿದುಕೊಂಡು 'ಇವರಿಗೆ ಇದೆ', 'ಇವರಿಗೆ ಇಲ್ಲ' ಎಂದು ಯಾರೂ ಹೇಳಲಾರರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯವಿದೆ. ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಸಾಧ್ಯವಾದರೆ ಒಮ್ಮೆ ಹೋಗಿ ಬನ್ನಿ. ಸುಮಾರು 1.3 ಕೆಜಿ ತೂಗುವ ಆ ಅಂಗವನ್ನು ಹಿಡಿದುಕೊಂಡರೆ, ಈ ಕಾಯಿಲೆ ಬರಿಗಣ್ಣಿಗೆ ಕಾಣುವಂಥದ್ದಲ್ಲ ಎಂದು ಯಾರೂ ಹೇಳದೇ ಅರ್ಥವಾಗುತ್ತದೆ.

ಇದರಿಂದ ಕೈಗೆ ಸಿಗುವ ಬುದ್ಧಿಮಾತು ಇಷ್ಟು. ಇನ್ನೊಂದು ಕಡೆ ಇನ್ನೊಂದು ಸ್ಕ್ಯಾನ್ ಮಾಡಿಸೋಣ ಎಂದು ಸಾಲ ಮಾಡಬೇಡಿ. ಆದರೆ ಹೊಸದಾಗಿ ಫಿಟ್ಸ್ ಬಂದರೆ, ಜ್ವರದ ಜೊತೆ ದಿಕ್ಕುತಪ್ಪಿದ ಹಾಗೆ ಮಾತಾಡಿದರೆ, ಒಂದು ಕೈ ಅಥವಾ ಕಾಲು ಸೋತರೆ, ಕೆಲವೇ ದಿನಗಳಲ್ಲಿ ಮನುಷ್ಯ ಪೂರ್ತಿ ಬದಲಾದರೆ ತಡ ಮಾಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಸ್ಕ್ಯಾನ್ ನಿಜಕ್ಕೂ ಬೇಕಾಗುತ್ತದೆ.

ಕೈಯನ್ನು ಎಡ ಕಿವಿಯ ಮೇಲೆ ಇಡಿ

ಈಗ ಲಕ್ಷಣಗಳಿಗೆ ಬರೋಣ. ಮೊದಲನೆಯದು, ಯಾರೂ ಮಾತಾಡದಿದ್ದರೂ ಕೇಳಿಸುವ ದನಿಗಳು. ನಮ್ಮ ಸಭೆಯಲ್ಲಿ ನಾನು ಎಲ್ಲರಿಗೂ ಕೈಯನ್ನು ತಲೆಯ ಮೇಲೆ ಇಟ್ಟುಕೊಳ್ಳಲು ಹೇಳುತ್ತೇನೆ. ನೀವೂ ಇಟ್ಟುಕೊಳ್ಳಿ.

ಎಡ ಕಿವಿಯ ಸ್ವಲ್ಪ ಮೇಲೆ, ಬುರುಡೆಯ ಒಳಗೆ, ಶಬ್ದ ಮತ್ತು ಮಾತನ್ನು ಗುರುತಿಸುವ ಮಡಿಕೆ ಇದೆ. ಅಲ್ಲಿಂದ ಬೆರಳನ್ನು ಮುಂದಕ್ಕೆ, ಹಣೆಯ ಎಡ ಅಂಚಿನ ಕಡೆಗೆ ತನ್ನಿ. ಅಲ್ಲಿ ಮಾತನ್ನು ಹುಟ್ಟಿಸುವ ಬ್ರೋಕಾ ಭಾಗ ಇದೆ. ಇವೆರಡರ ನಡುವೆ ನರದ ಎಳೆಗಳ ಒಂದು ಕಟ್ಟು ಬಿಲ್ಲಿನಂತೆ ಬಾಗಿ ಹೋಗುತ್ತದೆ.

ನಾವೆಲ್ಲ ಮನಸ್ಸಿನೊಳಗೆ ಮಾತಾಡಿಕೊಳ್ಳುತ್ತೇವೆ ಅಲ್ವಾ? 'ಗ್ಯಾಸ್ ಆಫ್ ಮಾಡಿದೆನಾ', 'ಅವಳು ಹಾಗೆ ಅನ್ನಬಾರದಿತ್ತು'. ಆ ಮಾತು ಹುಟ್ಟುವಾಗ ಮುಂಭಾಗವು ಹಿಂಭಾಗಕ್ಕೆ ಒಂದು ಸೂಚನೆ ಕಳಿಸುತ್ತದೆ: ಇದು ನಮ್ಮದೇ, ಗಮನ ಕೊಡಬೇಡ. ಈ ಸೂಚನೆ ಇದೆ ಎಂದು ಈಗಲೇ ಪರೀಕ್ಷಿಸಿ ನೋಡಬಹುದು. ನಿಮಗೆ ನೀವೇ ಕಚಗುಳಿ ಇಟ್ಟುಕೊಳ್ಳಿ. ಆಗುವುದಿಲ್ಲ. ನಿಮ್ಮ ಕೈ ಏನು ಮಾಡಲಿದೆ ಎಂದು ಮೆದುಳಿಗೆ ಮೊದಲೇ ಗೊತ್ತಿರುತ್ತದೆ. ಲಂಡನ್‌ನಲ್ಲಿ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಜೊತೆಗಾರರು 2000ದಲ್ಲಿ ಇದನ್ನೇ ಪರೀಕ್ಷೆಗೆ ಹಚ್ಚಿದರು. ದನಿಗಳು ಕೇಳಿಸುವವರಿಗೆ ತಮ್ಮದೇ ಕೈಯ ಸ್ಪರ್ಶ ಮತ್ತು ಬೇರೆಯವರ ಸ್ಪರ್ಶ ಹೆಚ್ಚುಕಡಿಮೆ ಒಂದೇ ಥರ ಅನ್ನಿಸಿತು. ಅಂದರೆ ಆ ಸೂಚನೆ ಸರಿಯಾಗಿ ತಲುಪುತ್ತಿಲ್ಲ. ಒಳಗಿನ ಮಾತಿಗೂ ಹೀಗೇ ಆದರೆ? ತನ್ನದೇ ಮಾತು ಬೇರೆಯವರ ದನಿಯಾಗಿ ಕೇಳಿಸುತ್ತದೆ. 1993ರಲ್ಲಿ ದನಿ ಕೇಳಿಸುತ್ತಿರುವ ಹೊತ್ತಿನಲ್ಲೇ ಮೆದುಳಿನ ರಕ್ತಸಂಚಾರ ಅಳೆದಾಗ ಜಾಸ್ತಿಯಾಗಿದ್ದದ್ದು ಬ್ರೋಕಾ ಭಾಗದಲ್ಲಿ. ಮಾತಾಡುವ ಭಾಗ! ದನಿಗಳಿಗೆ ಇದೊಂದೇ ವಿವರಣೆ ಎಂದು ನಾನು ಹೇಳುತ್ತಿಲ್ಲ. ಆದರೆ ನನಗೆ ಮನೆಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು.

ದನಿಗಳು ಎಷ್ಟು ಕಾಡುತ್ತವೆ ಎಂಬುದಕ್ಕೂ ಕಿವಿಯ ಮೇಲಿನ ಆ ಮಡಿಕೆಗೂ ಸಂಬಂಧ ಇದೆ. ಹಲವು ಅಧ್ಯಯನಗಳಲ್ಲಿ, ದನಿ ಜೋರಾಗಿ ಇರುವವರಲ್ಲಿ ಎಡಬದಿಯ ಆ ಮಡಿಕೆ ಸರಾಸರಿಯಲ್ಲಿ ಚಿಕ್ಕದಿದೆ. ಕೇಂಬ್ರಿಜ್‌ನವರು 2015ರಲ್ಲಿ ಹಣೆಯ ಹಿಂದೆ, ಮಧ್ಯದಲ್ಲಿರುವ ಒಂದು ಸಣ್ಣ ಗೀರನ್ನು ಅಳೆದರು. ನಿಜವಾಗಿ ಆದದ್ದು ಯಾವುದು, ಕಲ್ಪನೆ ಯಾವುದು ಎಂದು ಬೇರ್ಪಡಿಸುವ ಕೆಲಸಕ್ಕೂ ಆ ಗೀರಿಗೂ ನಂಟಿದೆ. ಅದು 1 ಸೆಂ.ಮೀ. ಗಿಡ್ಡ ಇದ್ದರೆ ಭ್ರಮೆಯ ಅನುಭವ ಆಗುವ ಸಾಧ್ಯತೆ ಸುಮಾರು 20% ಜಾಸ್ತಿ ಎಂದು ಕಂಡುಬಂತು. ಮಗು ಹುಟ್ಟುವ ಮೊದಲೇ ಆ ಗೀರು ರೂಪುಗೊಳ್ಳುತ್ತದೆ. ಅದರಲ್ಲಿ ಯಾರ ತಪ್ಪಿದೆ ಹೇಳಿ?

ಇಷ್ಟು ಗೊತ್ತಾದ ಮೇಲೆ ಮಾಡಬೇಕಾದ್ದೇನು? "ಯಾರ ದನಿಯೂ ಇಲ್ಲ, ಸುಮ್ನಿರು" ಎನ್ನುವುದನ್ನು ನಿಲ್ಲಿಸಿ. ಅವರ ಮೆದುಳಿನ ಕೇಳುವ ಭಾಗ ನಿಜವಾಗಿಯೂ ಕೆಲಸ ಮಾಡುತ್ತಿದೆ. ಅವರಿಗೆ ಕೇಳಿಸುತ್ತಿದೆ. "ನಿನಗೆ ಕೇಳಿಸ್ತಿದೆ ಅಂತ ಗೊತ್ತು ಕಣೋ. ನನಗೆ ಕೇಳಿಸ್ತಿಲ್ಲ. ಏನಂತಿದೆ?" ಎಂದು ಕೇಳಿ. ಎರಡೂ ಸತ್ಯ, ಎರಡನ್ನೂ ಹೇಳಬಹುದು.

ಆಮೇಲೆ, ಮಾತಾಡುವ ಭಾಗಕ್ಕೆ ಬೇರೆ ಕೆಲಸ ಕೊಡಿ. ಮೆಲ್ಲಗೆ ಗುನುಗಿದರೆ ದನಿ ಕಡಿಮೆಯಾಗುತ್ತದೆ ಎಂದು ಹಳೆಯ ಪ್ರಯೋಗಗಳಲ್ಲಿ ಕೆಲವರಿಗೆ ಕಂಡಿದೆ. ನನ್ನ ತಮ್ಮ ದನಿ ಜೋರಾದಾಗ ಪೇಪರನ್ನು ಗಟ್ಟಿಯಾಗಿ ಓದುತ್ತಾನೆ. ಕ್ರಿಕೆಟ್ ಪುಟವೇ ಆಗಬೇಕು. ಕೆಲವರಿಗೆ ಇಯರ್‌ಫೋನ್‌ನಲ್ಲಿ ಹಾಡು ಕೇಳಿದರೆ ಆಗುತ್ತದೆ, ಕೆಲವರಿಗೆ ಯಾರಾದರೂ ಪಕ್ಕದಲ್ಲಿ ಮಾತಾಡುತ್ತಿದ್ದರೆ. ಯಾವುದು ಹಿಡಿಸುತ್ತದೆ ಎಂದು ಒಂದೊಂದೇ ನೋಡಿ. ಇದು ಮಾತ್ರೆಯ ಬದಲಿಗೆ ಅಲ್ಲ, ಮಾತ್ರೆಯ ಜೊತೆಗೆ. ಮಾತ್ರೆಗಳಿಗೆ ಬಗ್ಗದ ದನಿಗಳಿಗೆ ತಲೆಯ ಮೇಲೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸುವ ಚಿಕಿತ್ಸೆಯನ್ನು ನಿಮ್ಹಾನ್ಸ್‌ನಲ್ಲಿ ಅಧ್ಯಯನ ಮಾಡಿದ್ದಾರೆ. ಅದರಲ್ಲೂ ಒಂದು ಪಟ್ಟಿ ಇಡುವುದು ಎಡ ಕಿವಿಯ ಹಿಂದೆ-ಮೇಲೆ, ನೀವು ಈಗ ಬೆರಳಿಟ್ಟ ಜಾಗದ ಹತ್ತಿರವೇ. ನಿಮ್ಮ ಡಾಕ್ಟರನ್ನು ಕೇಳಿ ನೋಡಬಹುದು.

ದನಿ ಏನು ಹೇಳುತ್ತದೆ ಎಂಬುದಕ್ಕೆ ನಮ್ಮ ಬದುಕೇ ಸಾಮಗ್ರಿ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್‌ಮನ್ ಮತ್ತು ಜೊತೆಗಾರರು ಅಮೆರಿಕ, ಘಾನಾ ಮತ್ತು ಚೆನ್ನೈನ ರೋಗಿಗಳನ್ನು ಮಾತಾಡಿಸಿದರು. ಚೆನ್ನೈನ ಅರ್ಧಕ್ಕಿಂತ ಜಾಸ್ತಿ ಜನರಿಗೆ ಕೇಳಿಸುತ್ತಿದ್ದದ್ದು ಮನೆಯವರ, ನೆಂಟರ ದನಿ. ಸ್ನಾನ ಮಾಡು, ಕೆಲಸ ಮಾಡು ಎನ್ನುವ ದನಿ. ನಮ್ಮ ಮನೆಯಲ್ಲೂ ತೀರಿಹೋದ ದೊಡ್ಡಪ್ಪನ ದನಿಯೇ. ಮನೆಯಲ್ಲಿ ಬೈಗುಳ ಕಡಿಮೆ ಮಾಡಿ ಎಂದು ನಾನು ಸಭೆಯಲ್ಲಿ ಪದೇ ಪದೇ ಹೇಳುವುದಕ್ಕೆ ಇದೂ ಒಂದು ಕಾರಣ.

ಒಂದು ಎಚ್ಚರಿಕೆ. ದನಿ 'ಸಾಯಿ' ಎಂದೋ 'ಅವನನ್ನು ಹೊಡೆ' ಎಂದೋ ಹೇಳುತ್ತಿದೆ ಎಂದು ಗೊತ್ತಾದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಎಲ್ಲದಕ್ಕೂ ಅರ್ಥ ಬರುವುದು

ಮೆದುಳಿನ ಆಳದಲ್ಲಿ ಸ್ಟ್ರಯೇಟಮ್ ಎಂಬ ಭಾಗ ಇದೆ. ಇಲ್ಲಿಗೆ ಕೈ ತಲುಪುವುದಿಲ್ಲ. ಯಾವುದು ಮುಖ್ಯ, ಯಾವುದನ್ನು ಗಮನಿಸಬೇಕು ಎಂದು ತೀರ್ಮಾನಿಸುವಾಗ ಅಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ನನ್ನ ವಿದ್ಯಾರ್ಥಿಗಳು ಪಠ್ಯದಲ್ಲಿ ಮುಖ್ಯ ಸಾಲಿಗೆ ಹಳದಿ ಬಣ್ಣ ಬಳಿಯುತ್ತಾರಲ್ಲ, ಹಾಗೆ. ಸ್ಕಿಜೋಫ್ರೇನಿಯಾ ಜೋರಾಗಿರುವಾಗ ಸ್ಟ್ರಯೇಟಮ್‌ನಲ್ಲಿ ಡೋಪಮೈನ್ ಜಾಸ್ತಿ ತಯಾರಾಗುತ್ತದೆ ಎಂದು ಪೆಟ್ ಸ್ಕ್ಯಾನ್‌ಗಳು, ಅಂದರೆ ಮೆದುಳಿನ ರಾಸಾಯನಿಕಗಳನ್ನು ಅಳೆಯಬಲ್ಲ ಸ್ಕ್ಯಾನ್‌ಗಳು, ತೋರಿಸಿವೆ. ಆಗ ಪುಟದ ಎಲ್ಲ ಸಾಲಿಗೂ ಹಳದಿ ಬೀಳುತ್ತದೆ. ಬೀದಿಯಲ್ಲಿ ಬೈಕಿನ ಹಾರ್ನ್, ಟಿವಿಯವರ ಕೈಸನ್ನೆ, ಪಕ್ಕದ ಮನೆಯವರು ಬಾಗಿಲು ಹಾಕಿದ್ದು, ಎಲ್ಲವೂ ನನಗಾಗಿಯೇ ಎನ್ನಿಸುತ್ತದೆ. ಇಷ್ಟೊಂದು ಸೂಚನೆಗಳಿಗೆ ಮನಸ್ಸು ಒಂದು ಕಥೆ ಕಟ್ಟಲೇಬೇಕು. 'ಯಾರೋ ನನ್ನ ಹಿಂದೆ ಬಿದ್ದಿದ್ದಾರೆ' ಎಂಬುದು ಆ ಕಥೆ. ಸಂಶಯದ ಈ ವಿವರಣೆಯನ್ನು 2003ರಲ್ಲಿ ಮನೋವೈದ್ಯ ಶಿತಿಜ್ ಕಪೂರ್ ಚೆನ್ನಾಗಿ ಬಿಡಿಸಿಟ್ಟರು.

ಹಿಪೊಕ್ಯಾಂಪಸ್ ಚಿಕ್ಕದಾಗುವುದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುತ್ತೀರಿ. ಆ ಭಾಗ ಚಿಕ್ಕದಾದರೂ ಸುಮ್ಮನಿರುವುದಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿರುತ್ತದೆ. ಆ ಅತಿ ಚಟುವಟಿಕೆ ಮುಂದಕ್ಕೆ ಹರಿದು ಡೋಪಮೈನನ್ನು ಎಬ್ಬಿಸುತ್ತದೆ ಎಂಬುದು ಇಂದಿನ ಬಲವಾದ ಊಹೆ.

ಮಾತ್ರೆ ಹಳದಿ ಬಣ್ಣ ಬೀಳುವುದನ್ನು ಕಡಿಮೆ ಮಾಡುತ್ತದೆ. ಮೊದಲೇ ಕಟ್ಟಿದ ಕಥೆ ಮಾತ್ರ ನಿಧಾನವಾಗಿ ಹೋಗುತ್ತದೆ. ಅದಕ್ಕೇ 'ಇಷ್ಟು ದಿನ ಮಾತ್ರೆ ತಗೊಂಡರೂ ಇನ್ನೂ ಅದೇ ಹೇಳ್ತಾನೆ' ಎಂದು ಕೈಬಿಡಬೇಡಿ. 'ಇನ್ನೂ ನಂಬುತ್ತಾನಾ' ಎಂದು ನೋಡುವ ಬದಲು 'ಅದರ ಬಗ್ಗೆ ಮೊದಲಿನಷ್ಟು ತಲೆ ಕೆಡಿಸಿಕೊಳ್ಳುತ್ತಾನಾ' ಎಂದು ನೋಡಿ. ಮೊದಲು ಕಡಿಮೆಯಾಗುವುದು ಅದು. ವಾದ ಮಾಡಿ ಗೆಲ್ಲಲು ಹೋಗಬೇಡಿ, ಹೌದು ಹೌದು ಎಂದೂ ತಲೆಯಾಡಿಸಬೇಡಿ. "ಭಯ ಆಗ್ತಿದೆಯಾ? ಬಾ, ಒಳಗೆ ಕೂತ್ಕೊಳ್ಳೋಣ" ಎಂದರೆ ಸಾಕು.

ಹಳೆಯ ಮಾತ್ರೆಗಳ ಬಗ್ಗೆ ಪೆಟ್ ಸ್ಕ್ಯಾನ್ ಮಾಡಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಡೋಪಮೈನ್ ಕೂರುವ ಜಾಗಗಳಲ್ಲಿ ಸುಮಾರು 65% ಮುಚ್ಚಿದಾಗ ಗುಣ ಕಾಣುವ ಸಾಧ್ಯತೆ ಹೆಚ್ಚುತ್ತದೆ. ಸುಮಾರು 78% ದಾಟಿದರೆ ಕೈನಡುಕ, ಮೈ ಬಿಗಿತ ಜಾಸ್ತಿಯಾಗುತ್ತದೆ. ಯಾಕೆಂದರೆ ಕೈಕಾಲಿನ ಚಲನೆ ಹದವಾಗಿಡುವುದೂ ಅದೇ ಸ್ಟ್ರಯೇಟಮ್. ಎಷ್ಟು ಸಣ್ಣ ಅಂತರ ನೋಡಿ! ಕೂತಲ್ಲಿ ಕೂರಲಾಗದೆ ಹಾಲ್‌ನಲ್ಲಿ ಓಡಾಡುತ್ತಿದ್ದರೆ ಅದು ಕಾಯಿಲೆ ಹೆಚ್ಚಾದದ್ದಲ್ಲ, ಮಾತ್ರೆಯ ಅಡ್ಡ ಪರಿಣಾಮ ಇರಬಹುದು. ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಡೋಸ್ ಹೊಂದಿಸುವ ದಾರಿ ಅವರಿಗೆ ಗೊತ್ತಿದೆ.

ಏಳೋದೇ ಇಲ್ಲ ಎಂಬ ದೂರು

ದನಿ, ಸಂಶಯ ಕಡಿಮೆಯಾದ ಮೇಲೂ ಉಳಿಯುವುದು ಇದು. ಹಾಸಿಗೆ ಬಿಟ್ಟು ಏಳುವುದಿಲ್ಲ, ಸ್ನಾನ ಇಲ್ಲ, ಯಾರ ಜೊತೆಗೂ ಮಾತಿಲ್ಲ, ಮುಖದಲ್ಲಿ ನಗು ಇಲ್ಲ. ಮನೆಗಳಲ್ಲಿ ಜಗಳ ಆಗುವುದು ದನಿಗಳಿಗಿಂತ ಇದರ ಮೇಲೆಯೇ ಜಾಸ್ತಿ. 'ಸೋಮಾರಿ' ಎಂಬ ಮಾತು ಬರುವುದೂ ಇಲ್ಲೇ. ಇದನ್ನು ಓದುವಾಗ ದಯವಿಟ್ಟು ಸ್ವಲ್ಪ ನಿಧಾನ ಮಾಡಿ.

ಸ್ಟ್ರಯೇಟಮ್‌ನ ಕೆಳಭಾಗ 'ಮುಂದೆ ಖುಷಿ ಸಿಗಲಿದೆ' ಎಂಬ ನಿರೀಕ್ಷೆಯನ್ನು ಹುಟ್ಟಿಸುತ್ತದೆ. ಕಾಫಿಯ ಪರಿಮಳಕ್ಕೇ ನಾವು ಅಡುಗೆಮನೆಗೆ ಹೋಗುವುದು ಈ ನಿರೀಕ್ಷೆಯಿಂದ. ಸ್ಕಿಜೋಫ್ರೇನಿಯಾ ಇರುವವರಿಗೆ ಬಹುಮಾನ ಸಿಗಲಿದೆ ಎಂದು ತೋರಿಸಿ ಸ್ಕ್ಯಾನ್ ಮಾಡಿದರೆ ಈ ಭಾಗ ಬೇರೆಯವರಷ್ಟು ಚುರುಕಾಗುವುದಿಲ್ಲ. ಆದರೆ ಖುಷಿ ನಿಜವಾಗಿ ಕೈಗೆ ಸಿಕ್ಕಾಗ, ಆ ಕ್ಷಣದಲ್ಲಿ ಅನುಭವಿಸುವ ಶಕ್ತಿ ಬಹುಮಟ್ಟಿಗೆ ಉಳಿದಿರುತ್ತದೆ. ನಿರೀಕ್ಷೆ ಸೋತಿದೆ, ಅನುಭವ ಉಳಿದಿದೆ. ನನ್ನ ತಮ್ಮನಿಗೆ "ಜಾತ್ರೆಗೆ ಬರ್ತೀಯಾ?" ಎಂದರೆ ಉತ್ತರ ಯಾವಾಗಲೂ "ಬೇಡ ಅಕ್ಕ". ಕರೆದುಕೊಂಡು ಹೋದರೆ ಮಂಡಕ್ಕಿ ತಿನ್ನುತ್ತಾನೆ, ಬರುವಾಗ ಮುಖ ಹಗುರಾಗಿರುತ್ತದೆ. ಮತ್ತೆ ಮಾರನೇ ವಾರ ಕೇಳಿದರೆ "ಬೇಡ".

ಹಾಗಾಗಿ 'ಬರ್ತೀಯಾ', 'ಮಾಡ್ತೀಯಾ' ಎಂದು ಕೇಳುವುದನ್ನು ಕಡಿಮೆ ಮಾಡಿ. ಆ ಪ್ರಶ್ನೆ ನಿರೀಕ್ಷೆಯ ಭಾಗಕ್ಕೇ ಹೋಗಿ ಬೀಳುತ್ತದೆ, ಅದು ಸೋತಿರುವ ಭಾಗ. ಬದಲಿಗೆ ಜೊತೆಯಲ್ಲಿ ಶುರು ಮಾಡಿ. ಚಪ್ಪಲಿ ತಂದು ಮುಂದಿಡಿ, "ಹಾಲು ತರೋಣ ಬಾ" ಎನ್ನಿ, ನೀವು ಹೊರಟುಬಿಡಿ. ಟವೆಲ್ಲು, ಬಟ್ಟೆ, ಬಿಸಿನೀರು ರೆಡಿ ಇಟ್ಟು ಆಮೇಲೆ ಕರೆಯಿರಿ. ಎಳೆದಾಡಬೇಡಿ, ಇವತ್ತು ಆಗಲಿಲ್ಲ ಎಂದರೆ ಬಿಡಿ. ಚೆನ್ನಾಗಿದ್ದ ಗಳಿಗೆಯ ಒಂದು ಫೋಟೊ ಮೊಬೈಲಿನಲ್ಲಿ ಇರಲಿ. ಮುಂದಿನ ಸಲ ಹೊರಡುವ ಮೊದಲು ತೋರಿಸಿ, ನಿರೀಕ್ಷೆಗೆ ಅದು ಆಸರೆ.

ಇದೇ ಥರ ಕಾಣುವ ಬೇರೆ ಎರಡು ಸಂಗತಿಗಳಿವೆ: ಮಾತ್ರೆಯ ಮಂಪರು ಮತ್ತು ಖಿನ್ನತೆ. ಡೋಸ್ ಬದಲಾದ ಮೇಲೆ ಶುರುವಾಯಿತೇ, ದುಃಖ, ಸಾವಿನ ಮಾತು ಇದೆಯೇ ಎಂದು ಗಮನಿಸಿ. ಇವಕ್ಕೆ ಚಿಕಿತ್ಸೆ ಬೇರೆ.

ಹಣೆಯ ಹಿಂದೆ

ಕೈಯನ್ನು ಹಣೆಯ ಮೇಲ್ತುದಿಗೆ ತನ್ನಿ. ಒಂದು ಮಾತನ್ನು ಕೆಲವು ಗಳಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ಭಾಗ ಇಲ್ಲಿದೆ. ಈ ಕಾಯಿಲೆಯಲ್ಲಿ ಅದು ಸೊರಗುತ್ತದೆ. "ಅಂಗಡಿಗೆ ಹೋಗಿ ಉಪ್ಪು, ಬೇಳೆ ತಗೊಂಡು, ಬರ್ತಾ ಕರೆಂಟ್ ಬಿಲ್ ಕಟ್ಟಿ ಬಾ" ಎಂದರೆ ಉಪ್ಪು ಮಾತ್ರ ಬರುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಚೀಟಿ ಬರೆದುಕೊಡಿ. ಮಾತ್ರೆಗೆ ವಾರದ ಡಬ್ಬಿ, ಮೊಬೈಲಿನಲ್ಲಿ ಅಲಾರಂ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯೂ ನೆನಪನ್ನು ಸ್ವಲ್ಪ ಮಸುಕು ಮಾಡಬಹುದು. ಅದು ಇನ್ನೂ ಬೇಕೇ ಎಂದು ಡಾಕ್ಟರನ್ನು ಒಮ್ಮೆ ಕೇಳಿ.

'ನನಗೇನೂ ಕಾಯಿಲೆ ಇಲ್ಲ' ಎಂದು ಹೇಳುವುದೂ ಹಟವಲ್ಲ. ತನ್ನನ್ನು ತಾನು ನೋಡಿಕೊಳ್ಳುವುದೂ ಮೆದುಳಿನ ಕೆಲಸವೇ, ಅದಕ್ಕೂ ಪೆಟ್ಟು ಬಿದ್ದಿರುತ್ತದೆ. ಕಾಯಿಲೆ ಇದೆ ಎಂದು ಒಪ್ಪಿಸಲು ಒದ್ದಾಡುವ ಬದಲು 'ನಿದ್ದೆ ಚೆನ್ನಾಗಿ ಬರಲಿ ಅಂತ ತಗೋ' ಎಂದರೆ ನಮ್ಮ ತಮ್ಮ ಮಾತ್ರೆ ತೆಗೆದುಕೊಳ್ಳುತ್ತಾನೆ. ಅದು ಸುಳ್ಳೂ ಅಲ್ಲ.

ಅಮ್ಮಂದಿರಿಗೆ

ಸಭೆಗೆ ಬರುವ ಅಮ್ಮಂದಿರು ಕೇಳುವುದು ಒಂದೇ. ನಾನು ಬೆಳೆಸಿದ್ದರಲ್ಲಿ ತಪ್ಪಾಯಿತಾ? 1940ರ ದಶಕದ ಕೊನೆಯಲ್ಲಿ ಅಮೆರಿಕದ ಕೆಲವು ಮನೋವಿಶ್ಲೇಷಕರು ತಾಯಿಯೇ ಕಾರಣ ಎಂದು ಬರೆದರು. ಆ ಮಾತು ಎಷ್ಟೋ ತಾಯಂದಿರನ್ನು ಸುಟ್ಟಿತು. ಅದಕ್ಕೆ ಆಧಾರ ಇರಲಿಲ್ಲ, ಈಗ ಅದನ್ನು ಕೈಬಿಟ್ಟಿದ್ದಾರೆ.

ಹದಿಹರೆಯದಲ್ಲಿ ಎಲ್ಲರ ಮೆದುಳೂ ಬೇಡದ ನರಕೊಂಡಿಗಳನ್ನು ಕಳಚಿಹಾಕುತ್ತದೆ. ಹಣೆಯ ಹಿಂದಿನ ಭಾಗದಲ್ಲಿ ಇದು 20 ದಾಟಿದ ಮೇಲೂ ನಡೆಯುತ್ತದೆ. 2016ರಲ್ಲಿ ಸಿ4 ಎಂಬ ವಂಶವಾಹಿಯ ಕೆಲವು ರೂಪಗಳು ಸ್ಕಿಜೋಫ್ರೇನಿಯಾದ ಅಪಾಯ ಹೆಚ್ಚಿಸುತ್ತವೆ ಎಂದು ಗೊತ್ತಾಯಿತು. ಇಲಿಗಳಲ್ಲಿ ಅದೇ ವಂಶವಾಹಿ ಈ ಕಳಚುವ ಕೆಲಸದಲ್ಲಿ ಪಾಲ್ಗೊಳ್ಳುತ್ತದೆ. ಕಳಚುವುದು ಅತಿಯಾದಾಗ ಕಾಯಿಲೆ ಮೇಲೆ ಬರುತ್ತದೆ ಎಂಬ ಊಹೆಗೆ ಇದು ಬಲ ಕೊಟ್ಟಿತು. ಕಾಲೇಜು ವಯಸ್ಸಿನಲ್ಲೇ ಯಾಕೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉತ್ತರ ಇದು. ಪರೀಕ್ಷೆಯ ಒತ್ತಡ, ಪ್ರೀತಿ ಮುರಿದದ್ದು ಕಾಯಿಲೆಯನ್ನು ಆಗಲೇ ಹೊರಗೆ ತಂದಿರಬಹುದು. ಬುಡ ಬಹಳ ಹಿಂದಿನದು. ಗಾಂಜಾ ಮಾತ್ರ ಈ ವಯಸ್ಸಿನಲ್ಲಿ ನಿಜವಾದ ಅಪಾಯ. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಚಿಕ್ಕವರಿಗೆ ಇದನ್ನು ಬಿಡಿಸಿ ಹೇಳಿ.

ಡಾಕ್ಟರ ಹತ್ತಿರ ಹೋಗುವಾಗ

ಒಪಿಡಿಯಲ್ಲಿ ಸಿಗುವ ಸಮಯ ಕಡಿಮೆ. 'ಹಾಗೇ ಇದ್ದಾನೆ ಸಾರ್' ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಮೇಲಿನ ಭಾಗಗಳ ಪ್ರಕಾರವೇ ಬರೆದುಕೊಳ್ಳಿ. ನನ್ನದರಲ್ಲಿ ಹೀಗಿರುತ್ತದೆ: 'ದನಿ, ಸಂಜೆ ಜಾಸ್ತಿ, ಪೇಪರ್ ಓದಿದರೆ ಕಡಿಮೆ. ಸಂಶಯ, ಪಕ್ಕದ ಮನೆಯವರ ಬಗ್ಗೆ ಮಾತಾಡುವುದು ಕಡಿಮೆಯಾಗಿದೆ. ಸ್ನಾನ, ಕರೆದರೆ ಮಾಡುತ್ತಾನೆ. ಕೈನಡುಕ, ಲೋಟ ಹಿಡಿದಾಗ. ನಿದ್ದೆ, ಹತ್ತರಿಂದ ಏಳು.' ಇದನ್ನು ತಮ್ಮನಿಗೂ ಓದಿ ಹೇಳುತ್ತೇನೆ. ಅವನು ತಿದ್ದಿದರೆ ಅವನ ಮಾತನ್ನೂ ಬರೆಯುತ್ತೇನೆ.

ಸದ್ಯಕ್ಕೆ ಡಾಕ್ಟರೇ ಇಲ್ಲದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದಿಂದ ಶುರು ಮಾಡಿ. ಉತ್ತರ ಕರ್ನಾಟಕದವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ರಾತ್ರಿ ಹೊತ್ತಲ್ಲಿ ಏನು ಮಾಡಬೇಕೆಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಇರುವವರೇ ಮಾಡಬೇಕೆಂದಿಲ್ಲ, ನೋಡಿಕೊಳ್ಳುವ ನೀವೂ ಮಾಡಬಹುದು.